ಸೇವಾ ಪುಸ್ತಕದ ಒಂಬತ್ತನೆಯ ಪುಟ

ನಮ್ಮ ಅತ್ತೆಯ ಸೇವಾ ಪುಸ್ತಕದಲ್ಲಿ ಎರಡು ಹೆರಿಗೆ ರಜೆಗಳಿದ್ದವು. ಅವರಿಗೆ ಇದ್ದದ್ದು ಮಾತ್ರ ಒಬ್ಬನೇ ಮಗ. ಆ ಮಗನನ್ನೇ ನಾನು ಮದುವೆಯಾಗಿ ಹದಿನಾಲ್ಕು ವರ್ಷವಾಗಿದ್ದರಿಂದ ಅಷ್ಟರಮಟ್ಟಿಗೆ ನನಗೆ ಖಾತ್ರಿಯಿತ್ತು.

ಅದು 2020ರ ಮೇ ತಿಂಗಳು. ಅತ್ತೆ ಜಯಶೀಲಾ ಉಡುಪಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಫೆಬ್ರವರಿಯಲ್ಲಿ ಮೂರು ತಿಂಗಳಿಗೆಂದು ನೆದರ್‌ಲ್ಯಾಂಡ್ಸಿನ ಆಮರ್ಸ್‌ಫೋರ್ಟ್‌ನ ನಮ್ಮ ಮನೆಗೆ ಬಂದಿದ್ದರು. ಮಾರ್ಚಿನಲ್ಲಿ ವಿಮಾನಗಳು ನಿಂತವು, ಅವರೂ ನಿಂತರು. ಊಟದ ಮೇಜಿನ ಒಂದು ತುದಿ ನನ್ನ ಆಫೀಸಾಯಿತು, ಇನ್ನೊಂದು ತುದಿ ಹನ್ನೊಂದು ವರ್ಷದ ಮಗಳು ಶ್ರೇಯಾಳ ಶಾಲೆಯಾಯಿತು. ಗಂಡ ಸುಶಾಂತ್ ಮಹಡಿ ಮೇಲಿನ ಮಲಗುವ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾರಿಗೋ ಏನನ್ನೋ ವಿವರಿಸುತ್ತಿದ್ದರು. ಅತ್ತೆ ನಮ್ಮೆಲ್ಲರ ನಡುವೆ ಓಡಾಡುತ್ತ, ಶ್ರೇಯಾಳ ಡಚ್ ಟೀಚರು ಕಪ್ಪುಹಲಗೆ ಬಳಸುವುದಿಲ್ಲವೆಂದು ಬೇಸರಪಡುತ್ತಿದ್ದರು.

ಬೇರೆಯವರು ಪ್ರಯಾಣದಲ್ಲಿ ಭಗವದ್ಗೀತೆ ಇಟ್ಟುಕೊಳ್ಳುತ್ತಾರೆ. ನಮ್ಮ ಅತ್ತೆ ಪಾಸ್‌ಪೋರ್ಟಿನ ಜೊತೆ ತಮ್ಮ ಸೇವಾ ಪುಸ್ತಕದ ಜೆರಾಕ್ಸ್ ಪ್ರತಿ ಇಟ್ಟುಕೊಳ್ಳುತ್ತಾರೆ. ನೌಕರಿಗೆ ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಸರ್ಕಾರ ಬರೆದಿಟ್ಟ ಅವರ ಜಾತಕ ಅದು. ನಾನು ಅದನ್ನು ನೋಡಿ ಎಷ್ಟೋ ಸಲ ನಕ್ಕಿದ್ದೆ. ಆ ಮೇ ತಿಂಗಳಲ್ಲಿ ಅದೇ ಬೇಕಾಯಿತು. ಕೇಳಿದವರು ಅಮೆರಿಕ ಸರ್ಕಾರದವರು.

ಕಾರಣ ಸರಳಕ್ಕ. ಅತ್ತೆಯ ಅಕ್ಕ ಇಂದಿರಮ್ಮ ಮತ್ತು ಅವರ ಗಂಡ ದಿವಾಕರರ ಒಬ್ಬಳೇ ಮಗಳು. ಮುಂಬಯಿಯಲ್ಲಿ ಬೆಳೆದು, ಒಂಬತ್ತನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಒಹಾಯೊಗೆ ಹೋದವಳು. ಕಾನೂನು ಓದಿದಳು. ಓದಿದವರೆಲ್ಲ ದೊಡ್ಡ ಕಂಪನಿಗಳ ಕಡೆ ಓಡುವಾಗ ಇವಳು ವಕೀಲರನ್ನಿಡಲು ಗತಿಯಿಲ್ಲದ ಆರೋಪಿಗಳ ಪರವಾಗಿ ವಾದಿಸುವ ಸರ್ಕಾರಿ ಕೆಲಸಕ್ಕೆ ಸೇರಿ, ಹದಿನಾರು ವರ್ಷ ಜೈಲಿನಿಂದ ಕೋರ್ಟಿಗೆ, ಕೋರ್ಟಿನಿಂದ ಜೈಲಿಗೆ ಓಡಾಡಿದಳು. ಮದುವೆಯಾಗಲಿಲ್ಲ. ಆಮೇಲೆ ಕಾಲೇಜಿನಲ್ಲಿ ಪಾಠ, ಸ್ವಂತ ವಕೀಲಿಕೆ, ಹೆಸರು. ಈಗ ನಲವತ್ತೊಂಬತ್ತನೇ ವಯಸ್ಸಿಗೆ ಫೆಡರಲ್ ನ್ಯಾಯಾಧೀಶೆಯ ಹುದ್ದೆಗೆ ಅವಳ ಹೆಸರು ಸೂಚಿತವಾಗಿತ್ತು. ಸೆನೆಟ್ ಒಪ್ಪಿದರೆ ಬದುಕಿರುವವರೆಗೂ ಆ ಕುರ್ಚಿ ಅವಳದು.

"ರಿಟೈರ್ಮೆಂಟೇ ಇಲ್ವಾ?" ಎಂದು ಅತ್ತೆ ನನ್ನನ್ನು ಮೂರು ಸಲ ಕೇಳಿದ್ದರು. ಅವರ ಕಣ್ಣಿನಲ್ಲಿ ಅದಕ್ಕಿಂತ ದೊಡ್ಡ ಪದವಿ ಇರಲಾರದು.

ಸರಳಕ್ಕನ ಹುಟ್ಟು ಎಲ್ಲೂ ನೋಂದಣಿಯಾಗಿರಲಿಲ್ಲ. ಮನೆಯಲ್ಲೇ ಹುಟ್ಟಿದ ಮಗು. ಅಮೆರಿಕದ ವೀಸಾಕ್ಕಾಗಿ 1979ರಲ್ಲಿ ಅತ್ತೆ ಉಡುಪಿಯ ನೋಟರಿಯ ಮುಂದೆ ಅಫಿಡವಿಟ್ ಮಾಡಿಕೊಟ್ಟಿದ್ದರು: 1970ರ ನವೆಂಬರ್ ಹದಿನೇಳರಂದು ನನ್ನ ಅಕ್ಕ ಇಂದಿರಮ್ಮ ಹೆಣ್ಣು ಮಗುವನ್ನು ಹೆತ್ತಾಗ ನಾನು ಜೊತೆಯಲ್ಲಿದ್ದೆ, ಎಂದು. ಈಗ ಜಡ್ಜ್ ಆಗುವವಳ ಹಿಂದುಮುಂದನ್ನೆಲ್ಲ ಜಾಲಾಡುವ ಅಧಿಕಾರಿಗಳು, ಈ ಜಯಶೀಲಾ ಯಾರು, ನಿಜಕ್ಕೂ ಶಿಕ್ಷಕಿಯೇ, ದಾಖಲೆ ಕಳಿಸಿ ಎಂದಿದ್ದರು. ದಿವಾಕರರು ಎಷ್ಟೋ ವರ್ಷದ ಹಿಂದೆಯೇ ತೀರಿಹೋಗಿದ್ದರು. ಇಂದಿರಮ್ಮ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದರು. ಆದರೆ ಅವರು ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಹೋಗಿದ್ದರು. ಅಂತ್ಯಸಂಸ್ಕಾರವನ್ನು ನಾವು ಫೋನಿನಲ್ಲಿ ನೋಡಿದ್ದೆವು. ಅತ್ತೆ ಆ ದಿನ ಅಳಲಿಲ್ಲ. ತಲೆಗೆ ಸ್ನಾನ ಮಾಡಿ, ಗಂಜಿ ಕಾಯಿಸಿ ಎಲ್ಲರಿಗೂ ಬಡಿಸಿ, ತಾವು ಉಣ್ಣದೆ ಕುಳಿತಿದ್ದರು.

ನನ್ನ ಕೆಲಸ ಇಲ್ಲಿನ ಒಂದು ಪಿಂಚಣಿ ಸಂಸ್ಥೆಯಲ್ಲಿ. ದಿನವಿಡೀ ಬೇರೆಯವರ ನೌಕರಿಯ ಇತಿಹಾಸ ಓದುವುದು. ಹಾಗಾಗಿ ಸ್ಕ್ಯಾನ್ ಮಾಡಲು ಕುಳಿತವಳು ಅಭ್ಯಾಸಬಲದಿಂದ ಓದಿಬಿಟ್ಟೆ. ಒಂಬತ್ತನೆಯ ಪುಟದಲ್ಲಿ 1970ರ ನವೆಂಬರ್ ಎರಡರಿಂದ ಹೆರಿಗೆ ರಜೆ. ಹದಿನೈದನೆಯ ಪುಟದಲ್ಲಿ 1977ರದ್ದು, ಅದು ಸುಶಾಂತ್.

"ಅತ್ತೆ, ಇದೇನಿದು ಎಪ್ಪತ್ತರಲ್ಲಿ?" ಎಂದು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತೆನಿಸಿತು.

ಅವರು ಬೀನ್ಸ್ ಮುರಿಯುತ್ತಿದ್ದರು. ಕೈ ನಿಲ್ಲಲಿಲ್ಲ. "ಅದಾ? ಒಂದು ಮಗು ಆಗಿತ್ತು. ಉಳಿಯಲಿಲ್ಲ" ಎಂದರು.

ನನಗೆ ಕೆಡುಕೆನಿಸಿತು. ಕ್ಷಮಿಸಿ ಎಂದೆ. ಆದರೆ ರಾತ್ರಿಯ ಅಡುಗೆ ಮುಗಿಯುವಷ್ಟರಲ್ಲಿ ಇನ್ನೊಂದು ವಿಷಯ ತಲೆಗೆ ಹತ್ತಿತು. ನವೆಂಬರ್ ಎರಡರಿಂದ ತಾನೇ ಹೆರಿಗೆ ರಜೆಯಲ್ಲಿದ್ದವರು ಹದಿನೇಳಕ್ಕೆ ಅಕ್ಕನ ಹೆರಿಗೆಯಲ್ಲಿ ಜೊತೆಗಿದ್ದದ್ದು ಹೇಗೆ? ಅಕ್ಕ ತಂಗಿ ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಹೊತ್ತಿಗೆ ಹೆತ್ತರೇ? ಒಬ್ಬರದು ಉಳಿಯಿತು, ಒಬ್ಬರದು ಹೋಯಿತೇ? ನಾನು ಮೈಸೂರಿನವಳು. ಇವರ ಮನೆಯ ಒಳಮಾತು ತುಳುವಿನಲ್ಲಿ ನಡೆಯುತ್ತದೆ, ನನಗೆ ಅರ್ಧ ತಿಳಿಯುತ್ತದೆ. ಆದರೆ ದಿನಾಂಕಗಳು ಯಾವ ಭಾಷೆಯಲ್ಲೂ ಒಂದೇ ತಾನೆ? ಬೇಡದ ಉಸಾಬರಿ ಎಂದು ನನಗೆ ನಾನೇ ಬೈದುಕೊಂಡೆ.

ಮರುದಿನ ಅತ್ತೆಯೇ ಹೇಳಿದರು. "ಸಂಪ್ರೀತಾ, ಆ ಒಂಬತ್ತನೇ ಪುಟ ಬೇಡ. ಸುಮ್ಮನೆ ತಲೆಬಿಸಿ. ನಾನು ಟೀಚರ್ ಅಂತ ಗೊತ್ತಾದ್ರೆ ಸಾಕಲ್ಲ ಅವರಿಗೆ."

ನಾನು ತೆಗೆದುಬಿಟ್ಟೆ. ಆಫೀಸಿನಲ್ಲಿ ಯಾರಾದರೂ ಕಡತದಿಂದ ಒಂದು ಪುಟ ಹಾರಿಸಿದರೆ ಮೊದಲು ಕೂಗಾಡುವವಳು ನಾನೇ. ಇಲ್ಲಿ ಮಾತ್ರ ಎಂಟರ ನಂತರ ಹತ್ತನ್ನು ಹಾಕಿ ಸರಳಕ್ಕನಿಗೆ ಕಳಿಸಿದೆ. ಅತ್ತೆಗೆ ನೋವಾಗಬಾರದೆಂದೋ, ಸರಳಕ್ಕನಿಗೆ ತೊಂದರೆಯಾಗಬಾರದೆಂದೋ, ನನಗೇ ಸ್ಪಷ್ಟವಿರಲಿಲ್ಲ.

ಜೂನ್‌ನಲ್ಲಿ ಸೆನೆಟ್ ಸಮಿತಿಯ ವಿಚಾರಣೆ ನಡೆಯಿತು. ನಮಗೆ ಸಂಜೆ ನಾಲ್ಕು ಗಂಟೆ. ಸುಶಾಂತ್ ಮೀಟಿಂಗ್ ಬಿಟ್ಟು ಕೆಳಗೆ ಬಂದರು. ಲ್ಯಾಪ್‌ಟಾಪಿನ ಮುಂದೆ ಅತ್ತೆ ಪಾಠ ಕೇಳುವ ಹುಡುಗಿಯ ಹಾಗೆ ನೆಟ್ಟಗೆ ಕುಳಿತರು. ಸರಳಕ್ಕ ಪರದೆಯ ಮೇಲೆ ಬಂದಳು. ಮೋಟು ಕೂದಲು, ಕಪ್ಪು ಕೋಟು, ಕಿವಿಯಲ್ಲಿ ಇಂದಿರಮ್ಮನ ಕೆಂಪು ಕಲ್ಲಿನ ಓಲೆ. ವಕೀಲಿಕೆಯಲ್ಲಿ ನಿಮಗೆ ಅತಿ ಮುಖ್ಯವಾದ ಮೊಕದ್ದಮೆ ಯಾವುದು ಎಂದು ಯಾರೋ ಕೇಳಿದರು.

ಅವಳು ಹೇಳಿದ ಕಥೆ ಇದು. ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಲಾರಿ ಡ್ರೈವರ್ ಮೇಲೆ ದರೋಡೆಯ ಆರೋಪ. ಆ ಹೊತ್ತಿಗೆ ನಾನು ಗೋದಾಮಿನಲ್ಲಿದ್ದೆ ಎಂದು ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ, ಏಕೆಂದರೆ ಹಾಜರಿ ಪುಸ್ತಕದಲ್ಲಿ ಆ ದಿನದ ಪುಟವಿರಲಿಲ್ಲ. ಹನ್ನೊಂದು ವರ್ಷ ಜೈಲಿನಲ್ಲಿದ್ದ. ಆಮೇಲೆ ಸರಳಕ್ಕ ಹಳೆಯ ಪೆಟ್ಟಿಗೆಗಳನ್ನೆಲ್ಲ ತೆರೆಸಿ ಆ ಪುಟವನ್ನು ಹುಡುಕಿ ತೆಗೆದಳು. ಅದನ್ನು ಬೇರೆ ಇಟ್ಟ ಗುಮಾಸ್ತೆ ಕೆಟ್ಟವಳೇನಲ್ಲ. ಅದರ ಮೇಲೆ ಬೇರೊಬ್ಬ ಕೆಲಸಗಾರನ ರಜೆಯ ಖಾಸಗಿ ಕಾರಣ ಬರೆದಿತ್ತು, ಅವನ ಮರ್ಯಾದೆ ಹೋಗದಿರಲಿ ಎಂದು ತೆಗೆದಿಟ್ಟಿದ್ದಳು. "ಒಳ್ಳೆಯ ಮನಸ್ಸಿನಿಂದಲೇ ತೆಗೆದದ್ದು" ಎಂದಳು ಸರಳಕ್ಕ. "ಅದಕ್ಕೇ ನನಗೆ ಕಡತದ ಎಲ್ಲ ಪುಟಗಳೂ ಬೇಕು."

ನನಗೆ ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ. ಸುಶಾಂತ್ ಚಪ್ಪಾಳೆ ತಟ್ಟಿ ಮಹಡಿ ಹತ್ತಿದರು.

ಸ್ವಲ್ಪ ಹೊತ್ತಿನ ನಂತರ ಅತ್ತೆ, "ನಡಿ, ಹೊಳೆಯ ಹತ್ರ ಹೋಗಿ ಬರುವ" ಎಂದರು. ಏಮ್ ಹೊಳೆಯ ದಂಡೆಯಲ್ಲಿ ನಡೆದೆವು. ಆಗಿನ್ನೂ ಜನ ಎದುರಿಗೆ ಬಂದರೆ ಒಂದೂವರೆ ಮೀಟರ್ ದೂರಕ್ಕೆಂದು ಹುಲ್ಲಿಗೆ ಇಳಿಯುತ್ತಿದ್ದ ಕಾಲ. ಹಳೆಯ ಕೋಟೆಬಾಗಿಲು ಕಾಣುವಲ್ಲಿ ಬೆಂಚಿನ ಮೇಲೆ ಕುಳಿತೆವು.

"ಆ ಮಗು ಉಳಿಯಲಿಲ್ಲ ಅಂತ ಹೇಳಿದೆನಲ್ಲ, ಅದು ಸುಳ್ಳು" ಎಂದರು. "ಈಗ ಟೀವಿಯಲ್ಲಿ ಮಾತಾಡಿದಳಲ್ಲ, ಅವಳೇ."

ನಾನು ಅಷ್ಟರಲ್ಲಿ ಊಹಿಸಿದ್ದೆ. ಆದರೂ ಅವರ ಬಾಯಿಂದ ಕೇಳಿದಾಗ, ಇಷ್ಟು ವರ್ಷ ಈ ಹೆಂಗಸಿನ ಜೊತೆ ಸಾರಿಗೆ ಹುಳಿ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಜಗಳವಾಡಿದ್ದೆನಲ್ಲ ಎನಿಸಿತು.

"ಅಕ್ಕನಿಗೆ ಮದುವೆಯಾಗಿ ಹತ್ತು ವರ್ಷ ಮಕ್ಕಳಿರಲಿಲ್ಲ. ನಾನು ಹೆತ್ತು ನಲ್ವತ್ತು ದಿನ ಆಗಿತ್ತು, ಮೈ ಸುಡುವ ಜ್ವರ. ಅಕ್ಕ ಬಾವ ಬೊಂಬಾಯಿಯಿಂದ ಬಂದಿದ್ರು. ನಾಲ್ಕು ದಿನ ಮಗುವನ್ನು ಇಂದಿರಾ ನೋಡಿಕೊಳ್ಳಲಿ ಅಂತ ಅಮ್ಮ ಹೇಳಿದ್ರು. ನಾನು ಜ್ವರ ಬಿಟ್ಟು ಏಳುವಾಗ ಅವರು ಬೊಂಬಾಯಿ ಬಸ್ಸು ಹತ್ತಿ ಆಗಿತ್ತು."

ಅಮ್ಮ ಅಂದರೆ ರಾಜಮ್ಮ, ಅತ್ತೆಯ ತಾಯಿ. ಆ ಮನೆಯಲ್ಲಿ ಹಿರಿಯ ಹೆಂಗಸಿನ ಮಾತಿಗೆ ಎದುರಾಡುವವರು ಇರಲಿಲ್ಲವಂತೆ.

"ನೀವು ಕೇಳ್ಲಿಲ್ವಾ ಅತ್ತೆ?"

"ಕೇಳದೆ ಉಂಟಾ? ನಿನಗೆ ಇನ್ನೂ ಆಗ್ತದೆ, ಅವಳಿಗೆ ಆಗುವುದಿಲ್ಲ, ಅಷ್ಟೇ ಅಮ್ಮ ಹೇಳಿದ್ದು. ನಿನ್ನ ಮಾವ ಮೊದಲೇ ಹೂಂ ಅಂದಿದ್ರಂತೆ. ನನ್ನ ಹತ್ರ ಒಬ್ಬರೂ ಕೇಳಿರಲಿಲ್ಲ ಮಾರಾಯ್ತಿ. ರಜೆ ಮುಗಿಯಿತು, ಶಾಲೆಗೆ ಹೋದೆ. ನನಗೆ ಒಂದನೇ ಕ್ಲಾಸು ಕೊಟ್ಟಿದ್ರು. ನಲ್ವತ್ತೆರಡು ಮಕ್ಕಳು." ಅವರು ಹೊಳೆಯನ್ನೇ ನೋಡುತ್ತಿದ್ದರು. "ಎಪ್ಪತ್ತೊಂಬತ್ತರಲ್ಲಿ ಸಹಿಗೆ ಬಂದ್ರು. ಟೀಚರ್ ಸಹಿಗೆ ಬೆಲೆ ಉಂಟು ಅಂದ್ರು. ಹಾಕದಿದ್ದರೆ ಮಗು ಒಬ್ಬಳೇ ಇಂಡಿಯಾದಲ್ಲಿ ಉಳಿಯುತ್ತಿದ್ದಳು. ಅಪ್ಪ ಅಮ್ಮ ಅಂತ ಅವರನ್ನೇ ತಿಳಿದವಳು. ಹಾಕಿದೆ."

ಶ್ರೇಯಾ ಹುಟ್ಟಿದಾಗ ಅತ್ತೆ ಎರಡು ತಿಂಗಳು ಇಲ್ಲಿದ್ದರು. ಒಂದು ದಿನವೂ ಮಗುವನ್ನು ನನ್ನ ಪಕ್ಕದಿಂದ ಬೇರೆ ಕೋಣೆಗೆ ಒಯ್ಯಲು ಯಾರಿಗೂ ಬಿಡಲಿಲ್ಲ. ಆಗ ನನಗೆ ಅದು ಅಧಿಕಾರ ಚಲಾಯಿಸುವುದಾಗಿ ಕಂಡು ರೇಗಿತ್ತು. ಈಗ ಬೆಂಚಿನ ಮೇಲೆ ಕುಳಿತು ನಾಚಿಕೆಯಾಯಿತು.

"ಆ ಪುಟ ಕಳಿಸು" ಎಂದರು ಅತ್ತೆ.

"ಕಳಿಸಿದ್ರೆ ಸರಳಕ್ಕನ ಕೆಲಸ ಹೋದೀತು. ಸುಳ್ಳು ಅಫಿಡವಿಟ್ ಮೇಲೆ ಅಮೆರಿಕಕ್ಕೆ ಹೋದವಳು ಅಂತಾಗುತ್ತೆ. ಅಷ್ಟೇ ಅಲ್ಲ, ಅವಳಿಗೆ ಏನೂ ಗೊತ್ತಿಲ್ಲ. ಈಗ ತಾನೇ ತಾಯಿ ಸತ್ತಿದ್ದಾರೆ."

"ಹಾಗಾದ್ರೆ ಕಳಿಸಬಾರದಾ?"

ಕಳಿಸಿದರೆ ಒಂದು ಅನ್ಯಾಯ, ಕಳಿಸದಿದ್ದರೆ ಇನ್ನೊಂದು. ನಾವಿಬ್ಬರೂ ಆ ಬೆಂಚಿನ ಮೇಲೆ ಒಂದು ಗಂಟೆ ಕುಳಿತು ಆರು ಸಲ ಮನಸ್ಸು ಬದಲಿಸಿದೆವು. ಕೊನೆಗೆ ಅತ್ತೆ ಎದ್ದು ಸೆರಗು ಕೊಡವಿಕೊಂಡು, "ಅವಳೇ ಕೇಳಿದಳಲ್ಲ ಎಲ್ಲ ಪುಟ ಬೇಕು ಅಂತ" ಎಂದರು. ಮನೆಗೆ ಬಂದು ಒಂಬತ್ತನೆಯ ಪುಟ ಕಳಿಸಿದೆ. ಅತ್ತೆ ಕೈಬರಹದಲ್ಲಿ ನಾಲ್ಕು ಸಾಲು ಬರೆದುಕೊಟ್ಟರು, ಅದನ್ನೂ ಸೇರಿಸಿದೆ. ಮಗುವನ್ನು ಒಯ್ದ ಬಗೆಯನ್ನು ಮಾತ್ರ ಅದರಲ್ಲಿ ಬರೆದಿರಲಿಲ್ಲ. "ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಇಂದಿರಕ್ಕ ನಿನ್ನನ್ನು ಸಾಕಿದಳು" ಎಂದಷ್ಟೇ ಇತ್ತು.

ಸುಶಾಂತ್‌ಗೂ ಆವತ್ತೇ ಹೇಳಿದೆವು. ಅವರು ಎದ್ದು ಮಹಡಿಗೆ ಹೋದರು. ಅರ್ಧ ಗಂಟೆಯ ನಂತರ ಇಳಿದು ಬಂದು, "ಅಕ್ಕ ಅಂತ್ಲೇ ಕರೀತಿದ್ದೆ. ಈಗ ಏನು ಚೇಂಜ್ ಆಯ್ತು, ಏನಿಲ್ಲ ಅಂತ್ಲೇ ಗೊತ್ತಾಗ್ತಿಲ್ಲ" ಎಂದರು. ಶ್ರೇಯಾ ಡಚ್ಚಿನಲ್ಲಿ, ಹಾಗಾದರೆ ನನಗೊಬ್ಬಳು ನಿಜವಾದ ಸೋದರತ್ತೆ ಇದ್ದಾಳೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೈಕಲ್ ಹತ್ತಿದಳು.

ಸರಳಕ್ಕ ಹತ್ತು ದಿನ ಮಾತಾಡಲಿಲ್ಲ. ಹನ್ನೊಂದನೆಯ ದಿನ ವಿಡಿಯೊ ಕರೆ ಮಾಡಿದಳು. ಕಣ್ಣು ಊದಿತ್ತು. ಆದರೆ ಮಾತು ವಕೀಲೆಯದು. ಒಂಬತ್ತು ವರ್ಷದ ಹುಡುಗಿಯಾಗಿ ಒಯ್ದ ಕರಾವಳಿ ಕನ್ನಡ ಅವಳ ನಾಲಿಗೆಯಲ್ಲಿ ಇನ್ನೂ ಹಾಗೇ ಇದೆ, ನಡುನಡುವೆ ಇಂಗ್ಲಿಷ್ ತುಂಬಿದೆ.

"ಚಿಕ್ಕಮ್ಮ, ಕೇಳಿ. ಸರ್ಕಾರಕ್ಕೆ ನಾನೇ ಹೇಳಿದ್ದೇನೆ. ಅವರ ಲಾಯರ್ಸ್ ನೋಡಿದ್ರು. ಇಂಡಿಯಾದ ಲಾ ಪ್ರಕಾರ ದತ್ತಕ್ಕೆ ಕಾಗದ ಇರ್ಲೇಬೇಕು ಅಂತ ಇಲ್ವಂತೆ. ಹೆತ್ತವರು ಒಪ್ಪಿ ಕೈಯಾರೆ ಕೊಟ್ಟು, ಸಾಕುವವರು ತಕ್ಕೊಂಡಿದ್ರೆ ಸಾಕು. ಹಾಗೆ ಆಗಿದ್ರೆ ನಾನು ಲೀಗಲಿ ಅಮ್ಮನ ಮಗಳೇ. ಆಗ ನಿಜ ಹೇಳಿದ್ರೂ ವೀಸಾ ಸಿಗ್ತಿತ್ತು. ಸುಳ್ಳು ಬೇಕೇ ಇರ್ಲಿಲ್ಲ."

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಸುಳ್ಳು ಬೇಕೇ ಇರಲಿಲ್ಲವಂತೆ!

"ಈಗ ಅದಕ್ಕೆ ಸಾಕ್ಷಿ ನೀವೊಬ್ಬರೇ. ಒಪ್ಪಿ ಕೊಟ್ಟದ್ದು ಹೌದು ಅಂತ ನೋಟರಿ ಮುಂದೆ ಪ್ರಮಾಣ ಮಾಡ್ಬೇಕು. ಡ್ರಾಫ್ಟ್ ಕಳಿಸ್ತಾರೆ. ಆದ್ರೆ ಚಿಕ್ಕಮ್ಮ, ನಿಜ ಆಗಿದ್ರೆ ಮಾತ್ರ. ಅಲ್ಲದಿದ್ರೆ ಅಲ್ಲ ಅನ್ನಿ. ನಾನು ವಿತ್‌ಡ್ರಾ ಮಾಡ್ತೇನೆ. ಸಿಟಿಜನ್‌ಶಿಪ್ ಏನಾಗ್ತದೆ ಅಂತ ಆಮೇಲೆ ನೋಡುವ."

ಅತ್ತೆ ಆಗಲಿ ಎಂದರು. ಅದು ಯಾವುದಕ್ಕೆ ಆಗಲಿ ಎಂದು ನನಗೆ ಅರ್ಥವಾಗಲಿಲ್ಲ.

ಮುಂದಿನ ಒಂದು ವಾರ ನಾನು ಅತ್ತೆಯ ಬೆನ್ನು ಹತ್ತಿದೆ. ಒಂದೇ ಮಾತು, ಹೌದು ಎಂದುಬಿಡಿ. ಯಾರಿಗೆ ನಷ್ಟ? ಕೊಟ್ಟರೋ ಒಯ್ದರೋ ನೋಡಿದವರು ಯಾರೂ ಬದುಕಿಲ್ಲ. ಹದಿನಾರು ವರ್ಷ ಬಡವರ ಪರ ನಿಂತವಳು ಜಡ್ಜ್ ಆಗುವುದು ಸತ್ಯಕ್ಕಿಂತ ಕಡಿಮೆಯೇ? ಈ ಕೊನೆಯ ಪ್ರಶ್ನೆ ಕೇಳುವಾಗ ನನಗೇ ನನ್ನ ಮೇಲೆ ಅನುಮಾನ ಬಂತು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಶ್ರೇಯಾಳ ಮಗ್ಗಿ ತಿದ್ದುತ್ತಿದ್ದರು.

ನೋಟಾರಿಸ್, ಅಂದರೆ ಇಲ್ಲಿನ ನೋಟರಿಯ ಕಚೇರಿಗೆ ಹೋಗುವ ದಿನ, ಜುಲೈ ಎಂಟರಂದು, ಬೆಳಿಗ್ಗೆ ಒಂಬತ್ತಕ್ಕೆ ಅತ್ತೆ ನನ್ನನ್ನು ಕರೆದರು. ಮೇಜು ಒರೆಸಿ, ಸ್ಟೀಲ್ ಹರಿವಾಣ ಇಟ್ಟಿದ್ದರು. ಅದರಲ್ಲಿ ತುರ್ಕಿ ಅಂಗಡಿಯಿಂದ ತರಿಸಿದ ತೆಂಗಿನಕಾಯಿ, ಪಕ್ಕದಲ್ಲಿ ಒಂದು ತಂಬಿಗೆ ನೀರು. ಟ್ಯಾಬಿನಲ್ಲಿ ಇಂದಿರಮ್ಮನ ಫೋಟೊ. ಶ್ರೇಯಾಳಿಂದ ಪ್ರಿಂಟ್ ಮಾಡಿಸಿದ ಸರಳಕ್ಕನ ಚಿತ್ರ, ವಿಚಾರಣೆಯ ದಿನದ್ದು.

"ಅಕ್ಕನ ಪರವಾಗಿ ನೀನು ಕೈ ಒಡ್ಡು" ಎಂದರು.

"ಏನು ಮಾಡ್ತಿದೀರ ಅತ್ತೆ?"

"ಪ್ರಮಾಣಕ್ಕೆ ಹೋಗುವುದಲ್ವಾ? ಮಾಡದ ಕೆಲಸಕ್ಕೆ ಹೇಗೆ ಪ್ರಮಾಣ ಮಾಡ್ಲಿ? ಮೊದಲು ಕೊಡ್ತೇನೆ."

ಮದುವೆಯಲ್ಲಿ ಹೆಣ್ಣನ್ನು ಧಾರೆಯೆರೆದು ಕೊಡುವ ಕ್ರಮ ನಮ್ಮಲ್ಲೂ ಇದೆ, ಅವರಲ್ಲೂ ಇದೆ. ನೀರು ಬಿಟ್ಟರೆ ಮುಗಿಯಿತು, ಕೊಟ್ಟದ್ದು ಕೊಟ್ಟದ್ದೇ. ಅತ್ತೆ ಚಿತ್ರವನ್ನು ಕಾಯಿಯ ಮೇಲಿಟ್ಟು ನನ್ನ ಬೊಗಸೆಯಲ್ಲಿಟ್ಟರು. ತಮ್ಮ ಅಂಗೈಯನ್ನು ಅದರ ಮೇಲೆ ಚಾಚಿ ನೀರು ಎರೆಯತೊಡಗಿದರು. ತುಳುವಿನಲ್ಲಿ ಏನೋ ಹೇಳಿದರು. ಅಕ್ಕ ಎಂಬುದು ತಿಳಿಯಿತು, ಮಗು ಎಂಬುದು ತಿಳಿಯಿತು. ನೀರು ಚಿತ್ರವನ್ನು ತೋಯಿಸಿ, ನನ್ನ ಬೆರಳ ಸಂದಿಯಿಂದ ಹರಿವಾಣಕ್ಕೆ ಇಳಿಯಿತು. ಅತ್ತೆ ಆಗ ಅತ್ತರು. ಏಪ್ರಿಲ್‌ನಲ್ಲಿ ಬಾರದ ಅಳುವೂ ಸೇರಿ ಬಂತೆಂದು ತೋರುತ್ತದೆ, ಬಹಳ ಹೊತ್ತು ಅತ್ತರು. ನಾನು ಕೈ ಒದ್ದೆ ಮಾಡಿಕೊಂಡು ಹಾಗೇ ನಿಂತಿದ್ದೆ. ಸದ್ಯ, ಇನ್ನು ಹೌದು ಎನ್ನುತ್ತಾರೆ ಎಂಬ ಸಮಾಧಾನವೂ ಒಳಗೊಳಗೆ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ನೋಟಾರಿಸ್ ಐವತ್ತರ ಆಸುಪಾಸಿನ ನೇರ ಮಾತಿನ ಮನುಷ್ಯ. ನಮ್ಮ ನಡುವೆ ಪ್ಲಾಸ್ಟಿಕ್ ಪರದೆ. ಕರಡನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು. ನಾಲ್ಕನೆಯ ಪ್ಯಾರಾದಲ್ಲಿ ಇತ್ತು: 1970ರ ಡಿಸೆಂಬರ್‌ನಲ್ಲಿ ನಾನು ಸ್ವಂತ ಇಚ್ಛೆಯಿಂದ ನನ್ನ ಮಗುವನ್ನು ಅಕ್ಕನಿಗೆ ಕೈಯಾರೆ ಕೊಟ್ಟೆ. "ಇದು ಸರಿಯೇ, ಮೇಡಂ?" ಎಂದು ಕೇಳಿದರು.

ಅತ್ತೆ ಇಂಗ್ಲಿಷಿನಲ್ಲೇ ಉತ್ತರಿಸಿದರು. "ಅಲ್ಲ. ಆಗ ಅವರು ತೆಗೆದುಕೊಂಡು ಹೋದರು. ನಾನು ಕೊಟ್ಟದ್ದು ಇವತ್ತು ಬೆಳಿಗ್ಗೆ. ಒಂಬತ್ತು ಗಂಟೆಗೆ."

ನೋಟಾರಿಸ್ ನನ್ನ ಕಡೆ ನೋಡಿದರು, ಮತ್ತೆ ಅತ್ತೆಯ ಕಡೆ ನೋಡಿದರು.

"ಯಾರನ್ನು ಕೊಟ್ಟಿರಿ?"

"ನನ್ನ ಮಗಳನ್ನು."

"ಅವಳಿಗೆ ಎಷ್ಟು ವಯಸ್ಸು?"

"ನಲವತ್ತೊಂಬತ್ತು."

ಅವರು ಪೆನ್ನು ಕೆಳಗಿಟ್ಟರು. ಇವರಿಗೆ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ಯೋಚಿಸುತ್ತಿದ್ದಾರೆಂದು ನನಗೆ ಖಚಿತವಾಗಿತ್ತು. ನಾನು ಕನ್ನಡದಲ್ಲಿ, "ಅತ್ತೆ, ಬೇಡ, ಎಲ್ಲ ಹಾಳಾಗುತ್ತೆ" ಎಂದೆ. ಅತ್ತೆ ನನ್ನ ಮೊಣಕೈ ಮುಟ್ಟಿ ಸುಮ್ಮನಿರಿಸಿದರು, ತರಗತಿಯಲ್ಲಿ ಮಾತಾಡುವ ಮಗುವನ್ನು ಸುಮ್ಮನಿರಿಸಿದಂತೆ. ಆಮೇಲೆ ಮೊದಲಿನಿಂದ ಹೇಳಿದರು. ಜ್ವರ, ಬಸ್ಸು, ರಾಜಮ್ಮ, ನಲ್ವತ್ತೆರಡು ಮಕ್ಕಳು, ಸುಳ್ಳು ಸಹಿ, ತೆಂಗಿನಕಾಯಿ, ನೀರು. ನೋಟಾರಿಸ್ ಕೊನೆಯವರೆಗೆ ಕೇಳಿದರು. "ನಾನು ಹಳೆಯ ಕರಡನ್ನು ಬಿಡುತ್ತೇನೆ. ನೀವು ಹೇಳಿದ್ದನ್ನೇ ಬರೆಯುತ್ತೇನೆ" ಎಂದರು. ಒಂದೂವರೆ ಗಂಟೆ ಹಿಡಿಯಿತು. ಅತ್ತೆ ತೆಂಗಿನಕಾಯಿಯನ್ನೂ ಬರೆಸಿದರು. ಯಾವ ರೀತಿಯಲ್ಲಿ ಪ್ರಮಾಣ ಮಾಡುತ್ತೀರಿ ಎಂದಾಗ ಚೀಲದಿಂದ ಸೇವಾ ಪುಸ್ತಕ ತೆಗೆದು ಅದರ ಮೇಲೆ ಕೈಯಿಟ್ಟರು.

ಬಸ್ಸಿನಲ್ಲಿ ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. "ಹೌದು ಅನ್ನೋದಕ್ಕೆ ತಾನೇ ಬೆಳಿಗ್ಗೆ ಅಷ್ಟೆಲ್ಲ ಮಾಡಿದ್ದು?" ಎಂದು ಕೊನೆಗೆ ಕೇಳಿದೆ.

"ಅಲ್ಲ" ಎಂದರು ಅತ್ತೆ. "ಕೊಡ್ಲಿಕ್ಕೆ."

ಪತ್ರವನ್ನು ಸರಳಕ್ಕನಿಗೆ ಕಳಿಸಿದೆ. ಎರಡು ದಿನದ ನಂತರ ಒಂದು ಸಂದೇಶ ಬಂತು: ಎಲ್ಲ ಪುಟ ಸಿಕ್ಕಿತು, ಹಾಗೇ ಮುಂದೆ ಕಳಿಸಿದ್ದೇನೆ. ಅಷ್ಟೇ. ಜುಲೈ ಮುಗಿಯಿತು, ಆಗಸ್ಟ್ ಮುಗಿಯಿತು. ಒಂದು ವಾರ ಸರಳಕ್ಕನ ಕಡೆಯವರು ಎಲ್ಲ ಮುಗಿಯಿತು ಎನ್ನುವರು, ಮರುವಾರ ಪರವಾಗಿಲ್ಲ ಎನ್ನುವರು. ಕೊನೆಗೆ ಸರ್ಕಾರದ ವಕೀಲರು ತೀರ್ಮಾನಕ್ಕೆ ಬಂದರಂತೆ: ಒಂಬತ್ತು ವರ್ಷದ ಮಗು ಯಾರಿಗೂ ಸುಳ್ಳು ಹೇಳಿಲ್ಲ, ಗೊತ್ತಾದ ದಿನವೇ ತಾನಾಗಿ ತಿಳಿಸಿದ್ದಾಳೆ, ಪೌರತ್ವದ ತಂಟೆಗೆ ಹೋಗುವುದಿಲ್ಲ. ನೀರೆರೆದದ್ದಕ್ಕೆ ಅವರು ಏನಾದರೂ ಬೆಲೆ ಕೊಟ್ಟರೋ, ಇಲ್ಲವೋ? ಸುಶಾಂತ್ ನನಗೆ ಎರಡು ಸಲ ವಿವರಿಸಿದರು. ಎರಡು ಸಲವೂ ಬೇರೆ ಬೇರೆ ಥರ ವಿವರಿಸಿದರು. ನನಗೆ ಇಂದಿಗೂ ಅದು ಅರ್ಥವಾಗಿಲ್ಲ. ಸೆಪ್ಟೆಂಬರಿನಲ್ಲಿ ಸೆನೆಟ್ ಮತ ಹಾಕಿತು. ನಾಲ್ಕು ಮತಗಳ ಅಂತರದಿಂದ ಸರಳಕ್ಕ ನ್ಯಾಯಾಧೀಶೆಯಾದಳು.

ಪ್ರಮಾಣವಚನದ ದಿನ ಸಂಜೆ ಅವಳು ಕರಿ ನಿಲುವಂಗಿಯಲ್ಲೇ ಕರೆ ಮಾಡಿದಳು. ಅತ್ತೆಯ ಸೂಟ್‌ಕೇಸ್ ಬಾಗಿಲ ಬಳಿ ಸಿದ್ಧವಾಗಿತ್ತು. ವಿಶೇಷ ವಿಮಾನವೊಂದರಲ್ಲಿ ಸೀಟು ಸಿಕ್ಕಿತ್ತು, ಮಾರನೆಯ ದಿನ ಹೊರಡುವವರು. ಅತ್ತೆ ಮೊದಲು, "ಊಟ ಆಯ್ತಾ?" ಎಂದು ಕೇಳಿದರು.

"ಚಿಕ್ಕಮ್ಮ" ಎಂದಳು ಸರಳಕ್ಕ. ದನಿ ನ್ಯಾಯಾಧೀಶೆಯದಾಗಿರಲಿಲ್ಲ. "ಆ ಪತ್ರ ನಾನು ತುಂಬಾ ಸಲ ಓದಿದೆ. ಆಗ ನೀವು ನನ್ನನ್ನು ಕೊಟ್ಟಿರ್ಲಿಲ್ಲ."

"ಇಲ್ಲ ಮಗಾ."

"ಕೊಡ್ತಿದ್ರಾ? ಕೇಳಿದ್ರೆ?"

"ಇಲ್ಲ" ಎಂದರು ಅತ್ತೆ.

ಸರಳಕ್ಕ ಮುಖ ಮುಚ್ಚಿಕೊಂಡಳು. ನಿಲುವಂಗಿಯ ಅಗಲ ತೋಳುಗಳು ಪರದೆಯನ್ನೆಲ್ಲ ತುಂಬಿದವು. ಬಹಳ ಹೊತ್ತಿನ ಮೇಲೆ ತೋಳು ಸರಿಸಿ, "ಹಾಗಾದ್ರೆ ಇನ್ನು ನಿಮ್ಮನ್ನು ನಾನು ಏನಂತ ಕರೀಲಿ?" ಎಂದು ಕೇಳಿದಳು.

ಅತ್ತೆ ಪರದೆಯ ಹತ್ತಿರಕ್ಕೆ ಬಗ್ಗಿದರು. ಅವಳ ಕಿವಿಯ ಕೆಂಪು ಕಲ್ಲಿನ ಓಲೆಯನ್ನು ಬೆರಳಿನಿಂದ ಮುಟ್ಟಿದರು, ಗಾಜಿನ ಮೇಲೆ.

"ಚಿಕ್ಕಮ್ಮ ಅಂತಲೇ ಕರಿ" ಎಂದರು. "ಅಕ್ಕನಿಗೆ ಕೊಟ್ಟಾಗಿದೆ."